ಜಡ್ಜ್ ಸಾಹೇಬರಿಗೆ ಓಟು ಯಾಕಿಲ್ಲ?

(ಸಾಲೋಟಗಿಯಲ್ಲಿ ಸ್ವಸಹಾಯ ಗುಂಪುಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ಈಗಷ್ಟೇ ತಾಯಿಯೊಬ್ಬರು ಕೇಳಿದರು: "ಪಂಚಾಯ್ತಿ ಮೆಂಬರಿಗೆ ಓಟ ಹಾಕತೀವಿ, ಎಮ್ಮೆಲ್ಲೆಗೆ ಹಾಕತೀವಿ. ಮಗಳ ವರದಕ್ಷಿಣೆ ಕೇಸ ನೋಡೋ ಜಡ್ಜ್ ಸಾಹೇಬರಿಗೆ ಯಾಕ ಹಾಕಬಾರದ್ರಿ?"

ನಕ್ಕು ಬಿಡುವ ಪ್ರಶ್ನೆಯಲ್ಲ ಇದು. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಓಟು ಇದೆ. ಮಿಸೌರಿ ರಾಜ್ಯ 1940ರಲ್ಲಿ ತಂದ ಪದ್ಧತಿಯಲ್ಲಿ ಜಡ್ಜಿಗೆ ಎದುರಾಳಿಯೇ ಇರುವುದಿಲ್ಲ. "ಇವರು ಮುಂದುವರಿಯಬೇಕೇ, ಬೇಡವೇ?" ಎಂದಷ್ಟೇ ಮತಪತ್ರದಲ್ಲಿ ಕೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅವಧಿಯ ನಡುವೆಯೇ ವಾಪಸು ಕರೆಸುವ ಓಟೂ ಉಂಟು. ಲೈಂಗಿಕ ದೌರ್ಜನ್ಯ ಸಾಬೀತಾದ ವಿದ್ಯಾರ್ಥಿಗೆ 2016ರಲ್ಲಿ ಬರೀ 6 ತಿಂಗಳ ಜೈಲು ವಿಧಿಸಿದ ಜಡ್ಜ್ ಆರನ್ ಪರ್ಸ್ಕಿಯನ್ನು 2018ರಲ್ಲಿ ಮತದಾರರು ಮನೆಗೆ ಕಳಿಸಿದರು. ಆ ಚಳವಳಿಯ ಮುಂದೆ ನಿಂತವರು ಮಿಷೆಲ್ ಡೌಬರ್ ಎಂಬ ಕಾನೂನು ಪ್ರಾಧ್ಯಾಪಕಿ.

ಕೇಳಲು ಹಿತವಾಗಿದೆ. ಆದರೂ ಅದು ನಮಗೆ ಬೇಕೆಂದು ನಾನು ಹೇಳಲಾರೆ. ಇಂಡಿ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತ ಸೊಸೆಗೆ ಇರುವುದು ಒಂದೇ ಓಟು. ಗಂಡನ ಕಡೆ ಮನೆತನ, ಜಾತಿ, ರೊಕ್ಕ. ನಾಳೆ ಓಟು ಕೇಳಬೇಕಾದ ಜಡ್ಜ್ ಇವತ್ತು ಯಾರ ಮುಖ ನೋಡಿ ತೀರ್ಪು ಬರೆದಾರು? "ಹೊಂದಿಕೊಂಡು ಹೋಗವ್ವ" ಎಂದು ಊರ ಹಿರಿಯರು ಎಷ್ಟು ಹೆಣ್ಣುಮಕ್ಕಳನ್ನು ಮತ್ತೆ ಅದೇ ಮನೆಗೆ ಅಟ್ಟಿಲ್ಲ!

ನಮ್ಮಲ್ಲಿ ತಾಲ್ಲೂಕು ಕೋರ್ಟಿನ ಸಿವಿಲ್ ಜಡ್ಜ್ ಹೈಕೋರ್ಟು ನಡೆಸುವ ಪರೀಕ್ಷೆ ಪಾಸಾಗಿ ಬರುತ್ತಾರೆ. 7 ವರ್ಷ ವಕೀಲಿ ಮಾಡಿದವರಿಗೆ ನೇರ ಜಿಲ್ಲಾ ಜಡ್ಜ್ ಆಗುವ ದಾರಿಯೂ ಇದೆ. ಬಳ್ಳಾರಿಯಲ್ಲಿ ವಕೀಲರಾಗಿದ್ದ ಮಂಜುಳಾ ಚೆಲ್ಲೂರ್ 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು, 2000ದಲ್ಲಿ ಕರ್ನಾಟಕ ಹೈಕೋರ್ಟಿಗೆ ಏರಿದರು. ಮುಂದೆ ಕೇರಳ, ಕಲ್ಕತ್ತ, ಬಾಂಬೆ ಹೈಕೋರ್ಟುಗಳಿಗೆ ಮುಖ್ಯ ನ್ಯಾಯಮೂರ್ತಿ. ಊರ ಓಟಿನ ಲೆಕ್ಕದಲ್ಲಿ 1988ರಲ್ಲಿ ಹೆಣ್ಣುಮಗಳೊಬ್ಬಳು ಆ ಕುರ್ಚಿಗೆ ಬರುತ್ತಿದ್ದಳೇ? ನನಗೆ ಸಂಶಯ.

ಹಾಗಾದರೆ ಜಡ್ಜನ್ನು ಕೇಳುವವರು ಯಾರು? ಹೈಕೋರ್ಟು. ಸಂವಿಧಾನದ 235ನೇ ವಿಧಿಯಂತೆ ಕೆಳಗಿನ ಕೋರ್ಟುಗಳ ಹತೋಟಿ ಅದರದು. ಈ ಜಡ್ಜುಗಳ ನಿವೃತ್ತಿ ವಯಸ್ಸನ್ನು 60ಕ್ಕೆ ಏರಿಸಿದ ಸುಪ್ರೀಂ ಕೋರ್ಟು 1993ರಲ್ಲಿ ಒಂದು ಷರತ್ತು ಹಾಕಿತು: 58 ತುಂಬುವ ಮೊದಲು ಅವರ ಸೇವೆಯ ದಾಖಲೆ, ತೀರ್ಪುಗಳ ಗುಣಮಟ್ಟ ಪರಿಶೀಲಿಸಬೇಕು, ಯೋಗ್ಯರಾದರೆ ಮಾತ್ರ ಉಳಿದ 2 ವರ್ಷ. ಅಂದರೆ "ಮುಂದುವರಿಯಬೇಕೇ, ಬೇಡವೇ" ಎಂಬ ಪ್ರಶ್ನೆ ನಮ್ಮಲ್ಲೂ ಇದೆ, ಆದರೆ ನಮ್ಮನ್ನು ಯಾರೂ ಕೇಳುವುದಿಲ್ಲ. ಕೋರ್ಟಿಗೆ ಅಲೆದವಳ ಮಾತಿಗೆ ಅಲ್ಲಿ ಜಾಗವಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕೈಯಲ್ಲಿರುವುದು ಅಪೀಲು. ಮೊದಲೆಲ್ಲ ಪೊಲೀಸ್ ಕೇಸಿನಲ್ಲಿ ಗಂಡ ಖುಲಾಸೆಯಾದರೆ ಅಪೀಲು ಸರ್ಕಾರದ ಇಚ್ಛೆಗೆ ಬಿಟ್ಟದ್ದು. 2009ರ ಕೊನೆಯಿಂದ ನೊಂದವಳೇ ಅಪೀಲು ಹೋಗಬಹುದು: ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ, ಸೆಷನ್ಸ್ ತೀರ್ಪಿನ ಮೇಲೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ. ವರದಕ್ಷಿಣೆ ಸಾವಿನ ಕೇಸಿನಲ್ಲಿ ಈ ಹಕ್ಕು ಹೆತ್ತವರದು. ಕೌಟುಂಬಿಕ ದೌರ್ಜನ್ಯ ಕಾಯಿದೆಯ ಆದೇಶವಾದರೆ 30 ದಿನ ಮಾತ್ರ ಅವಕಾಶ, ಮರೆಯಬೇಡಿರಿ. ತೀರ್ಪು ತಪ್ಪಾದರೆ ಅಪೀಲು. ಜಡ್ಜ್ ಲಂಚ ಕೇಳಿದರೆ, ಅದು ಬೇರೆ ಮಾತು. ಆಗ ಹೈಕೋರ್ಟಿಗೆ ದೂರು, ಹೆಸರು ಹಾಕಿ, ಅಫಿಡವಿಟ್ ಸಮೇತ. ಹೆಸರಿಲ್ಲದ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ.

ವಕೀಲರಿಗೆ ರೊಕ್ಕವಿಲ್ಲ ಎನ್ನುವವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ. ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿರಿ. ಕೇಸಿನ ತಾರೀಖಿನಂದು ಗುಂಪಿನ ಇಬ್ಬರಾದರೂ ಅವಳ ಜೊತೆ ಬಸ್ಸು ಹತ್ತಿರಿ.