ಮನೆ ಬಾಡಿಗೆಗಿದೆ, ಒಳಗೆ ಹೋಗೋದು ಹೇಗೆ?

ಬಾಡಿಗೆ ಬೋರ್ಡ್‌ಗಳನ್ನು ನೀವೂ ಓದಿರ್ತೀರಿ. ಎರಡು ರೂಮು, ಬೋರ್‌ವೆಲ್ ನೀರು, ಬೈಕ್ ನಿಲ್ಲಿಸೋಕೆ ಜಾಗ, ಸಸ್ಯಾಹಾರಿಗಳಿಗೆ ಮಾತ್ರ. ಎಲ್ಲಾ ಬರೆದಿರುತ್ತೆ. ಮೆಟ್ಟಿಲು ಎಷ್ಟು, ಬಚ್ಚಲಮನೆ ಬಾಗಿಲು ಎಷ್ಟು ಅಗಲ ಅನ್ನೋದು ಮಾತ್ರ ಇರೋದಿಲ್ಲ. ಅದು ಯಾರಿಗೆ ಬೇಕು ಅಂತೀರಾ? 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆಯೇ 13.24 ಲಕ್ಷ. ಮಂಡಿ ಸವೆದ ಅಜ್ಜಿ, ಲಕ್ವಾ ಹೊಡೆದು ಮಲಗಿದ ತಂದೆ, ಇವರನ್ನೂ ಸೇರಿಸಿಕೊಂಡು ಲೆಕ್ಕ ಹಾಕಿ.

ಕಲಬುರಗಿಯ ನೆಹರು ಗಂಜ್‌ಗೆ ಬನ್ನಿ. ತೊಗರಿ ಕಣಜ ಅಂತ ಹೆಸರಾದ ಜಿಲ್ಲೆಯ ವ್ಯಾಪಾರ ನಡೆಯೋ ಜಾಗ ಇದು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆಯೂ ಬಂತು. ಆ ತೊಗರಿಯ ಚೀಲ ಹೊತ್ತವರು ಹಮಾಲರು. ಬೆನ್ನು, ಮಂಡಿ ಎರಡನ್ನೂ ಗಂಜ್‌ಗೆ ಕೊಟ್ಟವರು. ಅವರಿಗೆ ವಯಸ್ಸಾದಾಗ ಮನೆ ಎಲ್ಲಿ ಸಿಗುತ್ತೆ? ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ನಡುವೆ ಕಡಿದಾದ ಮೆಟ್ಟಿಲು.

ಅಂಥ ಒಬ್ಬ ಹಮಾಲರ ಮಗಳು ಅಲ್ಲಿ ಮಾತಿಗೆ ಸಿಕ್ಕರು. ತಂದೆ ವ್ಹೀಲ್‌ಚೇರ್ ಮೇಲಿದ್ದಾರೆ. "ಬಾಡಗಿ ಕೊಡಲಾಕ ತಯಾರದೀವ್ರಿ. ಖರೆ ಅಪ್ಪನ ಕುರ್ಚಿ ಒಳಗ ಹೋಗಲ್ರಿ. ಇಬ್ಬರು ಎತ್ತಿದ್ರ ಒಯ್ಯಬಹುದು, ದಿನಾ ನಾಕು ಸಲ ಯಾರು ಬರ್ತಾರ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಕಾನೂನಿಗೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸೋಕೆ ಅದು ಕೊಟ್ಟ 5 ವರ್ಷದ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಬರೀ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ 3 ತಿಂಗಳು ಕೊಟ್ಟಿತು. ಸರ್ಕಾರದ ವಸತಿ ಯೋಜನೆಗಳಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಶೇ 5 ಮೀಸಲು ಇದೆ. ಅಂಗವಿಕಲರು, ಹಿರಿಯರು ಇರುವ ಕುಟುಂಬಕ್ಕೆ ಆದಷ್ಟೂ ನೆಲಮಹಡಿಯ ಮನೆ ಕೊಡಿ ಅಂತ ನಗರ ಪ್ರದೇಶದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮಾರ್ಗಸೂಚಿಯೇ ಹೇಳುತ್ತೆ. ಅರ್ಜಿ ಹಾಕುವವರು ಇದನ್ನು ಕೇಳಿ ಪಡೆಯಬೇಕು. ಕೇಳದಿದ್ದರೆ ಯಾರೂ ತಾವಾಗಿ ಹೇಳೋದಿಲ್ಲ.

ಆದರೆ ಗಂಜ್‌ನ ಗಲ್ಲಿಯಲ್ಲಿ ಒಬ್ಬರು ತಮ್ಮ ಸೈಟಿನಲ್ಲಿ ಕಟ್ಟಿ ಬಾಡಿಗೆಗೆ ಬಿಟ್ಟ ಮನೆ? ಅಲ್ಲಿಗೆ ಈ ಯಾವ ಮಾತೂ ಹೋಗಿ ಮುಟ್ಟೋದಿಲ್ಲ. ಬಹುತೇಕರು ಬದುಕೋದು ಮಾತ್ರ ಅಂಥ ಮನೆಗಳಲ್ಲೇ.

ಮನೆ ಮಾಲೀಕರೇ, ಒಂದು ಸಣ್ಣ ಲೆಕ್ಕ ಕೇಳಿ. ರ‍್ಯಾಂಪ್ ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಮೇಲೇರುತ್ತೆ, ಮಳೆನೀರು ಒಳಗೆ ಬರುತ್ತೆ ಅಂತ ನಾವು ತಳಪಾಯ 3 ಅಡಿ ಏರಿಸ್ತೀವಿ. ಆಗ ರ‍್ಯಾಂಪ್ 36 ಅಡಿ ಆಯ್ತು. 30-40ರ ಸೈಟಿನಲ್ಲಿ 36 ಅಡಿ ಎಲ್ಲಿಂದ ತರ್ತೀರಿ? ತಳಪಾಯ 1 ಅಡಿಗೆ ನಿಲ್ಲಿಸಿದರೆ 12 ಅಡಿ ಸಾಕು. ಅಂದರೆ ಪಾಯ ಹಾಕೋ ದಿನವೇ ಇದು ತೀರ್ಮಾನ ಆಗಬೇಕು. ಅದಕ್ಕೇ ರಸ್ತೆ ಏರಿಸದೆ ಹಳೇ ಪದರ ಕೆರೆದು ಡಾಂಬರು ಹಾಕೋದು ಪಾಲಿಕೆಯ ಕೆಲಸ. ಇನ್ನು ಬಾಗಿಲು. ವ್ಹೀಲ್‌ಚೇರ್‌ಗೆ 900 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ 3 ಅಡಿ ಜಾಗ ಬೇಕು. ನಮ್ಮ ಬಚ್ಚಲಮನೆ ಬಾಗಿಲು ಎರಡು, ಎರಡೂವರೆ ಅಡಿ. ಕಟ್ಟುವಾಗಲೇ ಅರ್ಧ ಅಡಿ ಜಾಸ್ತಿ ಇಟ್ಟರೆ ಎಷ್ಟು ಖರ್ಚು? ಆಮೇಲೆ ಗೋಡೆ ಒಡೆದರೆ ಎಷ್ಟು?

ಕಟ್ಟಿ ಆಗಿರೋ ಮನೆಗೂ ದಾರಿ ಇದೆ. ಪಾಯಿಖಾನೆ ಗೋಡೆಗೆ ಹಿಡಿಕೆ ಹಾಕಿಕೊಳ್ತೀವಿ ಅಂತ ಬಾಡಿಗೆದಾರರು ಕೇಳಿದರೆ ಒಪ್ಪಿಕೊಳ್ಳಿ. ನುಣ್ಣಗಿನ ಟೈಲ್ಸ್ ಬದಲು ಜಾರದ ಕಲ್ಲು ಹಾಕಿಸಿ. ಶಹಾಬಾದ್ ಕಲ್ಲು ಪಕ್ಕದಲ್ಲೇ ಇದೆಯಲ್ಲ, ಪಾಲಿಶ್ ಮಾಡಿಸದೆ ಹಾಕಿದರೆ ಸಾಕು. "ಕಾಯಿಲೆಯವರಿಗೆ ಮನೆ ಕೊಡಲ್ಲ" ಅನ್ನೋ ಮಾತು ಬಿಡಿ.

ಪಾಲಿಕೆಗೂ ಒಂದು ಮಾತು. ಬಾಡಿಗೆಗೆ ಅಂತ ಕಟ್ಟೋ ಮನೆಯ ನಕ್ಷೆ ಬಂದಾಗ, ನೆಲಮಹಡಿಯಲ್ಲಿ ಒಂದು ಕೋಣೆ, ಒಂದು ಬಚ್ಚಲು ವ್ಹೀಲ್‌ಚೇರ್‌ಗೆ ಸಿಗುವಂತಿದೆಯಾ ಅಂತ ಕೇಳಿ. ಅದನ್ನು ನಿಯಮ ಮಾಡಿ. ಕಮಲಾಪುರದಿಂದ ಆಸ್ಪತ್ರೆಗೆ ಅಂತ ಬಂದು ತಿಂಗಳುಗಟ್ಟಲೆ ಇಲ್ಲೇ ಮನೆ ಮಾಡೋ ಕುಟುಂಬಕ್ಕೂ ಅದು ಆಸರೆ ಆಗುತ್ತೆ.

ಅಲ್ಲೀವರೆಗೆ ಕನಿಷ್ಠ ಬೋರ್ಡ್ ಮೇಲೆ ಇನ್ನೊಂದು ಸಾಲು ಬರೀರಿ: ಮೆಟ್ಟಿಲು ಎಷ್ಟು, ಬಾಗಿಲು ಎಷ್ಟು ಅಗಲ. ಬಿಸಿಲಲ್ಲಿ ತಂದೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹತ್ತು ಮನೆ ಬಾಗಿಲು ತಟ್ಟೋದಾದರೂ ತಪ್ಪಲಿ. ಇದಕ್ಕೆ ಕಾನೂನೂ ಬೇಡ, ದುಡ್ಡೂ ಬೇಡ. ಯೋಚನೆ ಮಾಡಿ.