ಹಾಸಿಗೆಯಲ್ಲಿ ಕಳೆದುಹೋಗುವ ಬಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ವಯಸ್ಸಾದವರ ಕುಶಲವನ್ನು ವಿಚಾರಿಸುವವರು “ತೋಟಕ್ಕೆ ಇಳಿಯುತ್ತೀರಷ್ಟೆ?” ಎಂದು ಕೇಳುವುದುಂಟು. ಬೆಳ್ತಂಗಡಿ ತಾಲೂಕಿನಲ್ಲಿರುವ ನನ್ನ ಸೋದರಮಾವನವರು 72ನೆಯ ವಯಸ್ಸಿನವರೆಗೂ ದಿನಕ್ಕೆರಡು ಸಲ ಸಂಕ ದಾಟಿ ಅಡಿಕೆ ತೋಟಕ್ಕೆ ಇಳಿಯುತ್ತಿದ್ದವರು. ಸಕ್ಕರೆ ಕಾಯಿಲೆ ಇತ್ತು. ಅದನ್ನು ಅವರು ಲೆಕ್ಕಕ್ಕೆ ಇಟ್ಟವರಲ್ಲ. ಒಂದು ಮಳೆಗಾಲ ಜ್ವರ ಬಂದು ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಜ್ವರ ಬಿಟ್ಟಿತು, ಸಕ್ಕರೆಯೂ ಹತೋಟಿಗೆ ಬಂತು. ಮನೆಗೆ ಬಂದ ದಿನ ಊಟಕ್ಕೆ ಮಣೆಯ ಮೇಲೆ ಕುಳಿತವರು ಮಾತ್ರ ಏಳಲಾರದೆ ಹೋದರು. ಇಬ್ಬರು ಹಿಡಿದೆತ್ತಬೇಕಾಯಿತು.

ತಪ್ಪು ನಮ್ಮದೇ. ಆ ಹತ್ತು ದಿನವೂ ಅವರನ್ನು ನೆಲಕ್ಕೆ ಕಾಲಿಡಗೊಡಲಿಲ್ಲ. ನೀರು ಕೈಗೆ, ಗಂಜಿ ಬಾಯಿಗೆ. ಅದನ್ನೇ ಸೇವೆಯೆಂದು ನಂಬಿದ್ದೆವು.

2007ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ರೋಗವೇ ಇಲ್ಲದ ಹಿರಿಯರು 10 ದಿನ ಹಾಸಿಗೆಯಲ್ಲಿದ್ದಾಗ ಕಾಲುಗಳಿಂದ ಸರಾಸರಿ ಒಂದು ಕಿಲೋಗ್ರಾಮಿನಷ್ಟು ಮಾಂಸ ಕರಗಿತ್ತು. ಜ್ವರ ಹಿಡಿದವರ ಪಾಡನ್ನು ಹೇಳಬೇಕೆ? ವಯಸ್ಸಿನಲ್ಲಿ ಸ್ನಾಯು ಹೀಗೆ ಸವೆಯುವುದಕ್ಕೆ ಇರ್ವಿನ್ ರೋಸೆನ್‌ಬರ್ಗ್ ಎಂಬವರು 1989ರಲ್ಲಿ ಸಾರ್ಕೊಪೀನಿಯಾ ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕಿನಲ್ಲಿ ಮಾಂಸದ ಬಡತನವೆಂದು ಅರ್ಥ. ನಮ್ಮ ಹಳೆಯ ‘ನವೆ’ ಎಂಬ ಧಾತುವೇ ಸಾಲುತ್ತಿತ್ತು. ಇಂದಿನ ಮಕ್ಕಳು ಅದನ್ನು ಬರಿಯ ತುರಿಕೆಯೆಂದು ತಿಳಿಯುತ್ತಾರೆ, ಇರಲಿ.

ಸಕ್ಕರೆ ಕಾಯಿಲೆಯವರಿಗೆ ಈ ನಷ್ಟ ಇಮ್ಮಡಿ. ಉಂಡ ಅನ್ನದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಸೆಳೆದುಕೊಳ್ಳುವುದು ಸ್ನಾಯು. ಹಾಗೆ ಸೆಳೆಯಲು ನೆರವಾಗುವುದೂ, ಸ್ನಾಯು ಸವೆಯದಂತೆ ಕಾಯುವುದೂ ಇನ್ಸುಲಿನ್. ಅದರ ಮಾತು ನಡೆಯದ ದೇಹದಲ್ಲಿ ಸ್ನಾಯು ಬೇಗ ಸೊರಗುತ್ತದೆ. ಸ್ನಾಯು ಸೊರಗಿದಷ್ಟೂ ರಕ್ತದ ಸಕ್ಕರೆಗೆ ಹೋಗುವ ಎಡೆ ಕಡಿಮೆ.

ಇನ್ನು ಊಟ. ಅನ್ನವನ್ನು ಅರ್ಧಕ್ಕಿಳಿಸುವ ನಾವು ಬಟ್ಟಲಿನ ತೆರವನ್ನು ತುಂಬುವುದಿಲ್ಲ. ಹಿರಿಯರಿಗೆ ತೂಕದ ಒಂದೊಂದು ಕಿಲೋಗ್ರಾಮಿಗೂ ದಿನಕ್ಕೆ 1ರಿಂದ 1.2 ಗ್ರಾಮಿನಷ್ಟು ಸಸಾರಜನಕ ಬೇಕೆಂದು ತಜ್ಞರ ಸಲಹೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಗಳಿಂದ ಅದು ಕೂಡುವುದಿಲ್ಲ. ಹುರುಳಿ, ಹೆಸರು, ಮೊಸರು ಬೇಕು. ತಿನ್ನುವವರಿಗೆ ಮೊಟ್ಟೆ, ಬೂತಾಯಿ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಹೆಚ್ಚಿಸತಕ್ಕದ್ದು.

ತಮ್ಮ ಮನೆಯ ಹಿರಿಯರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಕೈಗಳನ್ನು ಎದೆಗೆ ಕಟ್ಟಿಸಿ, ಐದು ಸಲ ಎದ್ದು ಕೂರಲು ಹೇಳಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ತಿಳಿಸಬೇಕು. 2019ರಲ್ಲಿ ಏಷ್ಯಾದ ತಜ್ಞರು ಇಟ್ಟ ಅಳತೆಯಿದು. ಆಸ್ಪತ್ರೆಗೆ ಸೇರಿದಾಗಲಂತೂ, “ಎಂದು ಎಬ್ಬಿಸಿ ನಡೆಸಬಹುದು?” ಎಂದು ಮೊದಲೇ ಕೇಳಿರಿ. ಒಪ್ಪಿಗೆ ಸಿಕ್ಕಿದರೆ ಊಟಕ್ಕಾದರೂ ಕುರ್ಚಿಗೆ ಬರಲಿ.

ಮಾವನವರು ಈಗ ಬೆಳಗು ಬೈಗು ಹತ್ತು ಹತ್ತು ಸಲ ಕುರ್ಚಿಯಿಂದ ಏಳುತ್ತಾರೆ, ಗೊಣಗುತ್ತಲೇ. ನಾಲ್ಕನೆಯ ತಿಂಗಳಲ್ಲಿ ಸಂಕದವರೆಗೆ ನಡೆದರು. ದಾಟಲಿಲ್ಲ, ಹಿಡಿದುಕೊಳ್ಳಲು ಒಂದು ಕಡೆ ಬಿದಿರು ಕಟ್ಟಿಸಿಕೊಡು ಎಂದರು. ಮೊನ್ನೆ ಆದಿತ್ಯವಾರ ಕಟ್ಟಿಸಿದ್ದಾಯಿತು.