ಆಫ್ರಿಕದಲ್ಲಿ ಕವಡೆ



ಬೆಲೆಯಿಲ್ಲದುದನ್ನು ನಾವು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುತ್ತೇವೆ. ಆದರೆ ಮಾಲ್ಡೀವ್ ದ್ವೀಪಗಳ ಕವಡೆಯು ಪಶ್ಚಿಮ ಆಫ್ರಿಕದಲ್ಲಿ ಶತಮಾನಗಳ ಕಾಲ ಹಣವಾಗಿ ಚಲಾವಣೆಯಲ್ಲಿದ್ದಿತು. ಇಂದಿಗೂ ಯೊರುಬ ಜನರಲ್ಲಿ 16 ಕವಡೆಗಳನ್ನು ಚೆಲ್ಲಿ ದೈವಚಿತ್ತವನ್ನು ಅರಿಯುವ ಪದ್ಧತಿಯುಂಟು. ಕಾಂಗೋ ದೇಶದ ಕೂಬ ಜನರು ರಾಜವೇಷವನ್ನೂ ಮುಖವಾಡಗಳನ್ನೂ ಕವಡೆಗಳಿಂದ ಸಿಂಗರಿಸುತ್ತಾರೆ.

ಇಂತಹ ಕವಡೆಯನ್ನೇ 18ನೆಯ ಶತಮಾನದ ಐರೋಪ್ಯ ವರ್ತಕರು ಹಡಗುಗಳಲ್ಲಿ ತುಂಬಿ ತಂದು, ಅದನ್ನು ತೆತ್ತು ಮನುಷ್ಯರನ್ನು ಗುಲಾಮರನ್ನಾಗಿ ಕೊಂಡರು. ಆ ಕಳಂಕವು ಕವಡೆಯದಲ್ಲ, ಕೊಂಡವರದು, ಮಾರಿದವರದು. ಸ್ವತಂತ್ರ ಘಾನಾ ದೇಶವು 1965ರಲ್ಲಿ ತನ್ನ ಹೊಸ ನಾಣ್ಯಕ್ಕೆ ‘ಸೆಡಿ’ ಎಂದು ಹೆಸರಿಟ್ಟಿತು. ಅದು ಅಕಾನ್ ನುಡಿಯಲ್ಲಿ ಕವಡೆಯ ಹೆಸರಿನಿಂದಲೇ ಬಂದುದು.

ಮಕ್ಕಳೇ, ವಸ್ತುವಿಗೆ ಬೆಲೆ ಕಟ್ಟುವವನು ಮನುಷ್ಯ. ಮನುಷ್ಯನಿಗೆ ಬೆಲೆ ಕಟ್ಟುವ ಅಧಿಕಾರ ಯಾರಿಗೂ ಇಲ್ಲ. ಆಟದಲ್ಲಿ ಕವಡೆ ಹಾಕುವಾಗ ಇದನ್ನು ನೆನೆಯಿರಿ.